ಮೈನಸ್ ಹದಿನಾರರಲ್ಲಿ ನೀರು ಹೊತ್ತ ಕಥೆ

ಅಂಗಳದಲ್ಲಿ ಅಡಿಕೆ ಹರಡಿರುವಾಗ ಊರು ಬಿಟ್ಟು ಹೋಗುವವರ ಬಗ್ಗೆ ನಮ್ಮ ತೀರ್ಥಹಳ್ಳಿ ಕಡೆ ಯಾರೂ ಒಳ್ಳೆ ಮಾತಾಡುವುದಿಲ್ಲ. ನಾವು ಹೋದೆವು. ಕೊನೆ ಕೊಯ್ಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟು, ಮನೆಯನ್ನು ಅತ್ತೆ ಮಾವನಿಗೆ ಒಪ್ಪಿಸಿ, ಜನವರಿ ಕೊನೆಯಲ್ಲಿ ನಾನು, ನಮ್ಮನೆಯವರು, ಹತ್ತು ವರ್ಷದ ಮಗಳು ವಿಮಾನ ಹತ್ತಿದೆವು. ಆಸ್ಟ್ರಿಯಾದ ಟಿರೋಲ್ ಬೆಟ್ಟಗಳಲ್ಲಿ ಏಳು ರಾತ್ರಿ, ಮೂರು ಸ್ಕೀ ಊರು, ಒಂದು ಕ್ಯಾಂಪರ್‌ವ್ಯಾನ್. ಬಂದು ಮೂರು ವಾರ ಆಯಿತು. ಹೋಗುವ ಮುಂಚೆ ನನಗೆ ಕನ್ನಡದಲ್ಲಿ ಇದನ್ನೆಲ್ಲ ಹೇಳುವವರು ಒಬ್ಬರೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇದು ಶುರುವಾಗಿದ್ದು ನಾದಿನಿಯಿಂದ. ಅವಳು ಮ್ಯೂನಿಕ್‌ನಲ್ಲಿರುವುದು. ‘ಚಳಿಗಾಲದಲ್ಲಿ ಬನ್ನಿ, ಹಿಮ ತೋರಿಸ್ತೀನಿ’ ಅಂದಳು. ಸ್ಕೀ ಊರಿನ ಹೋಟೆಲ್ ರೇಟು ಕೇಳಿದ ಮೇಲೆ ನಮ್ಮನೆಯವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಗ ಅವಳೇ ಹೇಳಿದ್ದು, ‘ವ್ಯಾನ್ ತಗೊಳ್ಳಿ, ಮನೆನೇ ಜೊತೆಗೆ ಬರತ್ತೆ, ಅಗ್ಗ.’ ಮನೆ ಜೊತೆಗೆ ಬಂತು, ನಿಜ. ಅಗ್ಗ ಅನ್ನುವ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಮೊದಲ ಗೊಂದಲ, ಯಾವ ದೇಶದ ವೀಸಾ ಅಂತ. ವಿಮಾನ ಇಳಿಯುವುದು ಮ್ಯೂನಿಕ್, ನಾದಿನಿ ಮನೆ ಮ್ಯೂನಿಕ್, ವ್ಯಾನ್ ಹತ್ತುವುದೂ ಮ್ಯೂನಿಕ್. ಹಾಗಾಗಿ ಜರ್ಮನಿ ವೀಸಾಕ್ಕೆ ಅರ್ಧ ಫಾರಂ ತುಂಬಿದ್ದೆ. ಆದರೆ ಷೆಂಗೆನ್ (ಯೂರೋಪಿನ ಹಲವು ದೇಶಕ್ಕೆ ಒಂದೇ ವೀಸಾ) ಲೆಕ್ಕದಲ್ಲಿ ಎಲ್ಲಿ ಇಳಿಯುತ್ತೀರಿ ಅನ್ನುವುದಲ್ಲ ಮುಖ್ಯ, ಎಲ್ಲಿ ಜಾಸ್ತಿ ದಿನ ಇರುತ್ತೀರಿ ಅನ್ನುವುದು. ನಮ್ಮದು ಆಸ್ಟ್ರಿಯಾದಲ್ಲಿ ಏಳು ರಾತ್ರಿ, ಜರ್ಮನಿಯಲ್ಲಿ ನಾಲ್ಕು. ಹಾಗಾಗಿ ಆಸ್ಟ್ರಿಯಾ ವೀಸಾ. ಅರ್ಧ ಫಾರಂ ಒಲೆಗೆ ಹೋಯಿತು.

ಎರಡನೆಯದು, ಆದಾಯದ ದಾಖಲೆ. ಮೂರು ವರ್ಷದ ಐಟಿ ರಿಟರ್ನ್ ಕೊಡಿ ಅಂತ ಪಟ್ಟಿಯಲ್ಲಿ ಇರುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಾವು ರಿಟರ್ನ್ ಹಾಕಿದವರೇ ಅಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಇದೆಯಲ್ಲ ಅಂತ ತೆಗೆದು ನೋಡಿದೆ. ಅದರಲ್ಲಿ ಬರೆದಿರುವ ಮೊತ್ತಕ್ಕೆ ಆಸ್ಟ್ರಿಯಾ ಇರಲಿ, ಆಗುಂಬೆಗೆ ಹೋಗಿ ಬಂದರೂ ಸಾಲ ಆಗುತ್ತದೆ. ಅದನ್ನು ಸುಮ್ನೆ ಕಪಾಟಿಗೆ ಇಟ್ಟೆ. ಬದಲಿಗೆ ಪಹಣಿ, ಅಡಿಕೆ ಮಾರುವ ಸಹಕಾರ ಸಂಘವಾದ ಮ್ಯಾಮ್‌ಕೋಸ್‌ಗೆ ಅಡಿಕೆ ಹಾಕಿದ ಮೂರು ವರ್ಷದ ಬಿಲ್ಲು, ಆ ದುಡ್ಡು ಬ್ಯಾಂಕಿಗೆ ಬಂದ ಸ್ಟೇಟ್‌ಮೆಂಟ್, ಇಷ್ಟನ್ನು ಒಂದಕ್ಕೊಂದು ತಾಳೆಯಾಗುವ ಹಾಗೆ ತಾರೀಖಿನ ಪ್ರಕಾರ ಜೋಡಿಸಿದೆವು. ಆಗ ಇನ್ನೊಂದು ಗಂಟು ಬಿತ್ತು. ಪಹಣಿ ಇರುವುದು ಮಾವನ ಹೆಸರಿನಲ್ಲಿ. ನಮ್ಮನೆಯವರು ಅವರ ಮಗ ಅನ್ನುವುದಕ್ಕೆ ವಂಶವೃಕ್ಷ, ತೋಟದ ಆದಾಯದಲ್ಲಿ ಪಾಲಿದೆ ಅನ್ನುವುದಕ್ಕೆ ಅಫಿಡವಿಟ್, ಕನ್ನಡದ ಎಲ್ಲ ಕಾಗದಕ್ಕೂ ಇಂಗ್ಲಿಷ್ ಅನುವಾದ, ಅದಕ್ಕೆ ನೋಟರಿ ಸಹಿ. ಪಹಣಿಯ ‘ಖರಾಬು’ (ಸಾಗುವಳಿಗೆ ಬಾರದ ಜಾಗ) ಅನ್ನುವ ಶಬ್ದವನ್ನು ಅನುವಾದ ಮಾಡುವವರು ಮೊದಲ ಸಲ ‘ಹಾಳಾದದ್ದು’ ಅಂತ ಬರೆದಿದ್ದರು. ಹಾಳಾದ ಜಮೀನಿನಿಂದ ಆದಾಯ ಹೇಗೆ ಬಂತು ಅಂತ ಕೇಳಿದರೆ ಏನು ಗತಿ? ತಿದ್ದಿಸಿದೆವು. ತೋಟಗಾರರು ಯಾರಾದರೂ ಹೊರಟಿದ್ದರೆ, ಈ ಕಾಗದಗಳಿಗೇ ಒಂದು ತಿಂಗಳು ತೆಗೆದಿಡಿ.

ಮೂರನೆಯದು, ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವ ಪ್ರಶ್ನೆ. ವ್ಯಾನಿನಲ್ಲಿ ಅಂದರೆ ಸಾಲದು. ವ್ಯಾನ್ ಎಲ್ಲಿ ನಿಲ್ಲುತ್ತದೆ ಅಂತ ತೋರಿಸಬೇಕು. ಏಳೂ ರಾತ್ರಿಗೆ ಕ್ಯಾಂಪ್‌ಸೈಟ್ ಬುಕ್ ಮಾಡಿ ಆ ಕಾಗದ ಕೊಟ್ಟೆವು. ಆಗ ಕಿರಿಕಿರಿ ಅನ್ನಿಸಿತ್ತು. ಆಮೇಲೆ ಇದೇ ನಮ್ಮನ್ನು ಉಳಿಸಿತು. ಟಿರೋಲ್‌ನಲ್ಲಿ ಕ್ಯಾಂಪ್‌ಸೈಟ್ ಬಿಟ್ಟು ಕಂಡಕಂಡಲ್ಲಿ ವ್ಯಾನ್ ನಿಲ್ಲಿಸಿ ಮಲಗುವ ಹಾಗಿಲ್ಲ. ಸ್ಕೀ ಮಾಡುವವರನ್ನು ಬೆಟ್ಟಕ್ಕೆ ಏರಿಸುವ ಲಿಫ್ಟಿನ ಪಾರ್ಕಿಂಗ್ ಎಷ್ಟೇ ಖಾಲಿ ಇರಲಿ, ರಾತ್ರಿ ಮಲಗಿದರೆ ದಂಡ.

ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ಸೇವಾ ಕೇಂದ್ರದ ಚಾರ್ಜು ಬೇರೆ. ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ ಕಡ್ಡಾಯ. ವಿಮೆ ತೆಗೆದುಕೊಳ್ಳುವಾಗ ‘ವಿಂಟರ್ ಸ್ಪೋರ್ಟ್ಸ್’ ಸೇರಿದೆಯಾ ಅಂತ ಬಾಯಿಬಿಟ್ಟು ಕೇಳಿ. ಮಾಮೂಲಿ ಪಾಲಿಸಿಯಲ್ಲಿ ಸಾಧಾರಣವಾಗಿ ಸೇರಿರುವುದಿಲ್ಲ. ಬೆಟ್ಟದಲ್ಲಿ ಕಾಲು ಮುರಿದರೆ ಕೆಳಗಿಳಿಸಲು ಹೆಲಿಕಾಪ್ಟರ್ ಬರುತ್ತದೆ, ಅದರ ಬಿಲ್ಲೂ ಬರುತ್ತದೆ.

ಬೆಂಗಳೂರಿನ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಬಂದ ಮೇಲೆ ಕಾಯುವ ಕೆಲಸ. ಹದಿನೈದು ದಿನ ಅಂತ ನಿಯಮ. ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟು ದಿನವೂ ನಮ್ಮನೆಯವರು ಅಡಿಕೆ ಬೇಯಿಸುವ ಹಂಡೆಯ ಮುಂದೆ ಕೂತು, ‘ಬರದಿದ್ರೆ ಒಳ್ಳೇದೇ ಆಯ್ತು, ಚೊಗರು ಚೆನ್ನಾಗಿ ಬಂದಿದೆ’ ಅನ್ನುತ್ತಿದ್ದರು. ಚೊಗರು ಅಂದರೆ ಅಡಿಕೆ ಬೇಯಿಸಿದ ಗಟ್ಟಿ ನೀರು. ವೀಸಾ ಬಂದ ದಿನ ಅವರೇ ಮೊದಲು ತಂಗಿಗೆ ಫೋನ್ ಮಾಡಿದ್ದು.

ಅಸಲಿ ಪೆಟ್ಟು ಬಿದ್ದಿದ್ದು ಲೈಸೆನ್ಸಿನಲ್ಲಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್‌ಗೆ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಪಾಸ್‌ಪೋರ್ಟು, ಲೈಸೆನ್ಸು ಬೇಕು. ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ವೀಸಾ ಬಂದ ಮೇಲೆ ತಾನೇ ಮಾಡುವುದು ಅಂತ ಇಬ್ಬರೂ ಸುಮ್ಮನಿದ್ದೆವು. ಹೊರಡಲು ಹನ್ನೆರಡು ದಿನ ಇರುವಾಗ ನಮ್ಮನೆಯವರು ತಮ್ಮ ಲೈಸೆನ್ಸ್ ಹೊರತೆಗೆದರು. ಹಳೇ ಪುಸ್ತಕ. ನಂಬರ್ ಹಾಕಿದರೆ ಪೋರ್ಟಲ್‌ನಲ್ಲಿ ದಾಖಲೆಯೇ ಇಲ್ಲ. ಸಾಲದ್ದಕ್ಕೆ ಅದರ ಇಪ್ಪತ್ತು ವರ್ಷದ ಅವಧಿ ಮುಗಿದು ಎಂಟು ತಿಂಗಳಾಗಿತ್ತು. ಎಂಟು ತಿಂಗಳಿಂದ ಅವರು ದಿನಾ ಜೀಪ್ ಓಡಿಸುತ್ತಿದ್ದಾರೆ! ಹಳೇ ದಾಖಲೆ ಕಂಪ್ಯೂಟರಿಗೆ ಏರಿಸಿ, ನವೀಕರಿಸಿ, ಆಮೇಲೆ ಪರ್ಮಿಟ್. ಹನ್ನೆರಡು ದಿನದಲ್ಲಿ ಆಗುವ ಮಾತಲ್ಲ.

ನನ್ನದು ಕಾರ್ಡಿನ ಲೈಸೆನ್ಸ್. ನಾಲ್ಕನೇ ದಿನ ಪರ್ಮಿಟ್ ಕೈಗೆ ಬಂತು. ಹಾಗಾಗಿ ವ್ಯಾನ್ ಓಡಿಸುವವಳು ನಾನೇ ಅಂತಾಯಿತು. ಆರು ಮೀಟರ್ ಉದ್ದದ ಗಾಡಿ, ಎಡಗಡೆ ಸ್ಟೀರಿಂಗ್, ಬಲಗಡೆ ರಸ್ತೆ, ಮೇಲೆ ಹಿಮ. ನಾನು ಅಲ್ಲಿಯವರೆಗೆ ಓಡಿಸಿದ ದೊಡ್ಡ ಗಾಡಿ ಅಂದರೆ ಓಮ್ನಿ. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು.

ತುಪ್ಪ ಅಂದಾಗ ನೆನಪಾಯಿತು. ಯೂರೋಪಿಗೆ ಹಾಲಿನ ಪದಾರ್ಥ, ಮಾಂಸ ಒಯ್ಯುವ ಹಾಗಿಲ್ಲ. ತುಪ್ಪವೂ ಅದರಲ್ಲೇ ಬರುತ್ತದೆ. ಅತ್ತೆ ಕಟ್ಟಿದ್ದ ಡಬ್ಬಿ ಬೆಂಗಳೂರಿನ ನೆಂಟರ ಮನೆಯಲ್ಲಿ ಉಳಿಯಿತು. ಅಪ್ಪೆಮಿಡಿ, ಚಟ್ನಿಪುಡಿ, ಕಷಾಯದ ಪುಡಿ, ಅವಲಕ್ಕಿ, ಹಲಸಿನ ಹಪ್ಪಳಕ್ಕೆ ಯಾರೂ ಏನೂ ಅನ್ನಲಿಲ್ಲ.

ವ್ಯಾನ್ ಕೊಡುವ ಕಂಪನಿಯ ಕೌಂಟರಿನಲ್ಲಿ ಮತ್ತೆ ಒಂದೂವರೆ ಗಂಟೆ. 1,500 ಯೂರೋ ಡೆಪಾಸಿಟ್ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡಿನಲ್ಲೇ ಹಿಡಿಯಬೇಕಂತೆ. ಕಾರ್ಡ್ ಇರುವುದು ನಮ್ಮನೆಯವರ ಹೆಸರಿನಲ್ಲಿ, ಓಡಿಸುವವಳು ನಾನು. ಡೆಬಿಟ್ ಕಾರ್ಡ್ ಬೇಡ ಅಂದರು. ಕೊನೆಗೆ ನಾದಿನಿಯ ಗಂಡ ಆಫೀಸಿನಿಂದ ಓಡಿ ಬಂದು, ಎರಡನೇ ಚಾಲಕ ಅಂತ ಹೆಸರು ಬರೆಸಿ, ತಮ್ಮ ಕಾರ್ಡ್ ಕೊಟ್ಟರು. ನಿಮಗೆ ಮ್ಯೂನಿಕ್‌ನಲ್ಲಿ ಅಳಿಯಂದಿರು ಇಲ್ಲದಿದ್ದರೆ, ಓಡಿಸುವವರ ಹೆಸರಿಗೇ ಕಾರ್ಡ್ ಮಾಡಿಸಿ, ವಿದೇಶದ ಬಳಕೆ ಆನ್ ಮಾಡಿ, ಲಿಮಿಟ್ ನೋಡಿಕೊಂಡು ಹೋಗಿ. ಕಾರ್ಡು, ಲೈಸೆನ್ಸು, ಪಾಸ್‌ಪೋರ್ಟು ಮೂರರಲ್ಲೂ ಇನಿಷಿಯಲ್ ಒಂದೇ ರೀತಿ ಇರಲಿ. ಅಪ್ಪನ ಹೆಸರು, ಊರಿನ ಹೆಸರು ಎರಡನ್ನೂ ಒಂದೊಂದು ಅಕ್ಷರಕ್ಕೆ ಇಳಿಸುವ ನಮ್ಮ ಪದ್ಧತಿ ಅಲ್ಲಿನವರಿಗೆ ಅರ್ಥವಾಗುವುದಿಲ್ಲ.

ಟಯರ್ ನೋಡಿಕೊಂಡೆ. ಬೆಟ್ಟದ ಚಿತ್ರದೊಳಗೆ ಹಿಮದ ಹರಳಿನ ಗುರುತು ಇರಬೇಕು. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಹಿಮ ಇರುವ ರಸ್ತೆಯಲ್ಲಿ ಚಳಿಗಾಲದ ಟಯರ್ ಕಡ್ಡಾಯ. ಆಸ್ಟ್ರಿಯಾದ ಹೆದ್ದಾರಿಗೆ ‘ವಿನ್ಯೆಟ್’ ಅನ್ನುವ ಟೋಲ್ ಬೇರೆ, ಹತ್ತು ದಿನಕ್ಕೆ ಹನ್ನೆರಡು ಚಿಲ್ಲರೆ ಯೂರೋ. ಆನ್‌ಲೈನಿನದು ಗಾಡಿ ನಂಬರಿಗೆ ಅಂಟಿಕೊಳ್ಳುತ್ತದೆ, ಹಾಗಾಗಿ ನಂಬರ್ ಗೊತ್ತಾದ ಮೇಲೇ ಕೊಳ್ಳಬೇಕು.

ಮೊದಲ ದಿನದ ಡ್ರೈವಿಂಗ್ ಬಗ್ಗೆ ಇಷ್ಟೇ ಹೇಳುತ್ತೇನೆ: ಪ್ರತಿ ತಿರುವಿನಲ್ಲೂ ಇಂಡಿಕೇಟರ್ ಅಂತ ವೈಪರ್ ಹಾಕಿದೆ. ಅಲ್ಲಿ ಅವೆರಡೂ ಅದಲುಬದಲು. ಮಗಳು ಹಿಂದಿನಿಂದ ‘ಬಲ, ಬಲ, ಬಲ’ ಅಂತ ಜಪ ಮಾಡುತ್ತಿದ್ದಳು. ಸಂಜೆ ಐದಕ್ಕೆಲ್ಲ ಕತ್ತಲು. ಜಿಲ್ಲರ್‌ಟಾಲ್ ಕಣಿವೆಯ ಕ್ಯಾಂಪ್‌ಸೈಟಿಗೆ ತಲುಪಿದಾಗ ನನ್ನ ಬೆರಳು ಸ್ಟೀರಿಂಗ್ ಬಿಟ್ಟು ಬರಲಿಲ್ಲ. ಚಳಿಗಲ್ಲ, ಹೆದರಿಕೆಗೆ.

ಆ ರಾತ್ರಿ ಸ್ವರ್ಗ. ಹೊರಗೆ ಮೈನಸ್ 9, ಒಳಗೆ 24. ಅನ್ನ, ತಿಳಿಸಾರು, ಹಪ್ಪಳ. ಇಷ್ಟೇನಾ, ಅಂದುಕೊಂಡೆವು.

ಎರಡನೇ ರಾತ್ರಿ ಮೂರು ಗಂಟೆಗೆ ಮಗಳು ಎಬ್ಬಿಸಿದಳು. ‘ಅಮ್ಮಾ, ಮೂಗು ನೋಯ್ತಾ ಇದೆ.’ ಬಾಯಿಂದ ಹಬೆ ಬರುತ್ತಿದೆ. ಒಳಗೆ 4 ಡಿಗ್ರಿ, ಹೊರಗೆ ಮೈನಸ್ 16. ಗ್ಯಾಸ್ ಖಾಲಿ.

ಇಲ್ಲಿ ಸ್ವಲ್ಪ ಗ್ಯಾಸ್ ಪುರಾಣ ಹೇಳಬೇಕು. ಆ ವ್ಯಾನಿನ ಹೀಟರ್ ಓಡುವುದು ಗ್ಯಾಸಿನಿಂದ. ಸಿಲಿಂಡರಿನ ಗ್ಯಾಸಿನಲ್ಲಿ ಬ್ಯೂಟೇನ್, ಪ್ರೊಪೇನ್ ಅಂತ ಎರಡು ಬಗೆ. ಬ್ಯೂಟೇನ್ ಸೊನ್ನೆಯ ಹತ್ತಿರ ಬಂದರೆ ಆವಿಯಾಗುವುದೇ ಇಲ್ಲ, ಸಿಲಿಂಡರಿನಲ್ಲಿ ದ್ರವವಾಗಿ ಕೂತಿರುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಹಾಗಾಗಿ ಚಳಿಗಾಲಕ್ಕೆ ಪ್ರೊಪೇನೇ ಬೇಕು. ನಮಗೆ ಕೊಟ್ಟಿದ್ದು ಪ್ರೊಪೇನೇ, 11 ಕೆಜಿಯ ಎರಡು ಸಿಲಿಂಡರ್. ‘ಎರಡೂ ಫುಲ್’ ಅಂದಿದ್ದರು. ಒಂದು ಅರ್ಧವೇ ಇತ್ತು ಅಂತ ಈಗ ಗೊತ್ತಾಯಿತು. ಒದ್ದೆ ಬಟ್ಟೆ ಒರೆಸಿ ಗ್ಯಾಸ್ ಎಲ್ಲಿಯವರೆಗಿದೆ ಅಂತ ನೋಡುವ ನಮ್ಮ ಅಡುಗೆಮನೆ ವಿದ್ಯೆಯನ್ನು ಹಿಂದಿನ ಸಂಜೆಯೇ ಪ್ರಯೋಗ ಮಾಡಿದ್ದೆ. ಬಟ್ಟೆ ಸಿಲಿಂಡರಿಗೆ ಅಂಟಿಕೊಂಡು ಹಪ್ಪಳದ ಹಾಗೆ ಗಟ್ಟಿಯಾಯಿತು.

ನಮ್ಮನೆಯವರು ಕಂಬಳಿ ಹೊದ್ದು, ಟಾರ್ಚ್ ಹಿಡಿದು ಎರಡನೇ ಸಿಲಿಂಡರ್ ಜೋಡಿಸಲು ಇಳಿದರು. ನಟ್ಟು ಬಿಚ್ಚಲೇ ಇಲ್ಲ. ಇಪ್ಪತ್ತು ನಿಮಿಷ ತಿರುಗಿಸಿದರು. ನಾನೂ ತಿರುಗಿಸಿದೆ. ಕೊನೆಗೆ ಪಕ್ಕದ ವ್ಯಾನಿನ ಒಬ್ಬ ಅಜ್ಜ ಬಾಗಿಲು ತೆರೆದು, ಮಾತಾಡದೆ ಬಂದು, ಬಲಕ್ಕೆ ತಿರುಗಿಸಿ ಬಿಚ್ಚಿದ. ಅಲ್ಲಿನ ಗ್ಯಾಸ್ ನಟ್ಟಿನ ಥ್ರೆಡ್ಡು ಉಲ್ಟಾ! ಬಿಚ್ಚಲು ಬಲಕ್ಕೆ, ಬಿಗಿಯಲು ಎಡಕ್ಕೆ. ನಾವಿಬ್ಬರೂ ಇಪ್ಪತ್ತು ನಿಮಿಷದಿಂದ ಅದನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದೆವು.

ಹೀಟರ್ ಹತ್ತಿತು. ಆದರೆ ನೀರಿಲ್ಲ. ಆ ಹೀಟರಿನೊಳಗೆ ಹತ್ತು ಲೀಟರಿನ ಬಿಸಿನೀರಿನ ಬಾಯ್ಲರ್ ಇರುತ್ತದೆ. ಅದರ ಸುತ್ತ ಸುಮಾರು 3 ಡಿಗ್ರಿಗೆ ಇಳಿದರೆ ಒಂದು ಕವಾಟ ತಾನಾಗಿ ತೆರೆದು ನೀರನ್ನೆಲ್ಲ ನೆಲಕ್ಕೆ ಸುರಿಯುತ್ತದೆ. ಬಾಯ್ಲರ್ ಒಡೆಯದಿರಲಿ ಅಂತ. ಮತ್ತೆ ಸುಮಾರು 7 ಡಿಗ್ರಿ ಆಗುವವರೆಗೆ ಅದನ್ನು ಮುಚ್ಚಲು ಬರುವುದಿಲ್ಲ, ಆಮೇಲೂ ಕೈಯಿಂದಲೇ ಮುಚ್ಚಬೇಕು. ನಮಗೆ ಇದು ಗೊತ್ತಿರಲಿಲ್ಲ. ಗಾಡಿಯ ಕೆಳಗೆ ಹೊಳೆಯುತ್ತಿದ್ದ ಗಾಜಿನ ಹಾಸು ನೋಡಿ ಟ್ಯಾಂಕೇ ಒಡೆಯಿತು ಅಂತ ಎದೆ ಧಸಕ್ಕೆಂದಿತು. ಬೆಳಿಗ್ಗೆ ಕವಾಟ ಮುಚ್ಚಿದರೂ ನಲ್ಲಿಯಲ್ಲಿ ನೀರಿಲ್ಲ. ಹಾಸಿಗೆಯ ಕೆಳಗೆ ಹಾದುಹೋಗುವ ಪೈಪಿನ ಒಂದು ಮೂಲೆ ಹೆಪ್ಪುಗಟ್ಟಿತ್ತು. ಮಂಚದ ಹಲಗೆ ಎತ್ತಿ, ಬೆಚ್ಚಗಿನ ಗಾಳಿ ಆ ಮೂಲೆಗೆ ಹೋಗುವ ಹಾಗೆ ಮಾಡಿ, ಮಧ್ಯಾಹ್ನದವರೆಗೆ ಕಾಯಬೇಕಾಯಿತು.

ವರ್ಷಕ್ಕೆ ನಾಲ್ಕು ತಿಂಗಳು ಮಳೆ ಸುರಿಯುವ ಊರಿನವಳು ನಾನು. ನೀರು ಜಾಸ್ತಿಯಾಯಿತು ಅಂತ ಬೈದಿದ್ದೇನೆಯೇ ಹೊರತು ಇಲ್ಲ ಅಂತ ಅತ್ತವಳಲ್ಲ. ಅಲ್ಲಿ ಸುತ್ತಲೂ ಮೊಣಕಾಲೆತ್ತರ ನೀರೇ ಬಿದ್ದಿದೆ, ಕುಡಿಯಲು ಒಂದು ಲೋಟ ಇಲ್ಲ. ಕ್ಯಾಂಪ್‌ಸೈಟಿನ ಸ್ನಾನದ ಮನೆಯಿಂದ ಕ್ಯಾನಿನಲ್ಲಿ ನೀರು ಹೊತ್ತೆ. ಅಜ್ಜಿಮನೆಯ ಬಾವಿಯಿಂದ ಕೊಡ ಹೊತ್ತ ಮೇಲೆ ಸೊಂಟಕ್ಕೆ ಅದೇ ಮೊದಲ ಕೆಲಸ. ಕೈ ಮೇಲೆ ತುಳುಕಿದ ನೀರು ವ್ಯಾನ್ ಮುಟ್ಟುವುದರೊಳಗೆ ಕೈಗವಸಿನ ಮೇಲೆ ಗರಿಗರಿ ಆಗುತ್ತಿತ್ತು.

ಹೋಗುವವರಿಗೆ ನಾಲ್ಕು ಮಾತು. ವಿಮಾನದ ಸೂಟ್‌ಕೇಸ್ ತೂಗುವ ಸಣ್ಣ ತಕ್ಕಡಿ ಇರುತ್ತದಲ್ಲ, ಅದರಲ್ಲಿ ಸಿಲಿಂಡರ್ ತೂಗಿ ನೋಡಿ. ಖಾಲಿ ತೂಕ ಸಿಲಿಂಡರಿನ ಮೇಲೇ ಬರೆದಿರುತ್ತದೆ. ಆ ಚಳಿಗೆ ನಮ್ಮ ತುಂಬಿದ ಸಿಲಿಂಡರ್ ಮೂರು ದಿನವೂ ಬರಲಿಲ್ಲ. ಕೊಳೆನೀರಿನ ಟ್ಯಾಂಕು ಗಾಡಿಯ ಹೊಟ್ಟೆಯ ಕೆಳಗೆ, ಹೊರಗೇ ಇರುತ್ತದೆ. ಅದರ ಬಾಯಿ ತೆರೆದಿಟ್ಟು ಕೆಳಗೆ ಬಕೆಟ್ ಇಡಿ, ಗಟ್ಟಿಯಾದರೆ ಬಕೆಟ್ಟಿನಲ್ಲೇ ಆಗಲಿ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡೆ ಕೊಡಿ. ಡೀಸೆಲ್ಲನ್ನು ಬೆಟ್ಟದ ಊರಿನಲ್ಲೇ ಹಾಕಿಸಿ.

ಹಬೆಯ ವಿಷಯ ಮಾತ್ರ ನಮಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮೂರು ಜನರ ಉಸಿರು, ಅನ್ನದ ಆವಿ, ಒದ್ದೆ ಕಾಲುಚೀಲ ಎಲ್ಲ ಸೇರಿ ಬೆಳಗಾಗುವಾಗ ಗೋಡೆಯಿಂದ ನೀರು ಇಳಿಯುತ್ತದೆ. ಆಷಾಢದಲ್ಲಿ ಒಲೆಯ ಮೇಲೆ ಬಿದಿರು ಕಟ್ಟಿ ಬಟ್ಟೆ ಒಣಗಿಸಿದವರಿಗೆ ಇದೇನು ಹೊಸದಾ? ಮೇಲಿನ ಕಿಂಡಿ ಎರಡು ಬೆರಳು ತೆರೆದಿಟ್ಟೆ, ಹೀಟರಿನ ಗಾಳಿ ಬರುವ ಕಡೆ ಹಗ್ಗ ಕಟ್ಟಿದೆ, ಅಷ್ಟೇ.

ಟಾಯ್ಲೆಟ್ ಮಾತ್ರ ನಮ್ಮ ದಾಂಪತ್ಯಕ್ಕೆ ಪರೀಕ್ಷೆ. ವ್ಯಾನಿನ ಟಾಯ್ಲೆಟ್ಟಿನ ಕೆಳಗೆ ಸೂಟ್‌ಕೇಸಿನಂಥ ಒಂದು ಪೆಟ್ಟಿಗೆ. ಅದನ್ನು ಎಳೆದುಕೊಂಡು ಹೋಗಿ ಕ್ಯಾಂಪ್‌ಸೈಟಿನ ಗುಂಡಿಗೆ ಸುರಿದು ತೊಳೆಯಬೇಕು. ‘ಗಾಡಿ ನೀನು ಓಡಿಸ್ತೀಯ, ಇದು ನನ್ನ ಪಾಲಿಗೆ’ ಅಂತ ನಮ್ಮನೆಯವರು ಮೊದಲ ದಿನವೇ ಒಪ್ಪಿಕೊಂಡರು. ಊರಿನಲ್ಲಿ ಮಡಿ ಉಟ್ಟು ಪೂಜೆ ಮಾಡುವ ಮನುಷ್ಯ. ಒಂದೇ ಷರತ್ತು, ಅಮ್ಮನಿಗೆ ಹೇಳಬಾರದು.

ಸ್ಕೀ ಬಗ್ಗೆ ಬರೆಯಲು ನನಗೆ ಅಷ್ಟೊಂದಿಲ್ಲ. ಮಾಯರ್‌ಹೋಫನ್‌ನಲ್ಲಿ ಎರಡು ಬೆಟ್ಟ. ಅಹೋರ್ನ್ ಹೊಸಬರಿಗೆ, ಪೆಂಕನ್ ಗೊತ್ತಿದ್ದವರಿಗೆ. ಪೆಂಕನ್‌ನಲ್ಲಿ ‘ಹರಾಕಿರಿ’ ಅಂತ ಒಂದು ಇಳಿಜಾರು, ಶೇಕಡಾ 78. ನಾನು ಬೋರ್ಡು ಮಾತ್ರ ನೋಡಿದೆ. ಮಗಳು ಮಕ್ಕಳ ಸ್ಕೀ ಶಾಲೆಗೆ ಸೇರಿದಳು. ಸ್ಕೀಯ ಮುಂದಿನ ತುದಿ ಕೂಡಿಸಿದರೆ ‘ಪಿಜ್ಜಾ’, ಅಂದರೆ ನಿಲ್ಲುವುದು. ಎರಡನೇ ದಿನಕ್ಕೆ ನೀಲಿ ಗುರುತಿನ ಸುಲಭದ ದಾರಿಯಲ್ಲಿ ಇಳಿಯುತ್ತಿದ್ದಳು. ನಾನು ಒಂದು ದಿನ ಕಲಿತೆ. ಬೂಟು ಹಾಕಲು ಅರ್ಧ ಗಂಟೆ, ಬೀಳಲು ಅರ್ಧ ನಿಮಿಷ. ಸ್ಕೀ ಪಾಸ್ ಇದ್ದವರಿಗೆ ಕಣಿವೆಯ ಸ್ಕೀ ಬಸ್ಸು ಉಚಿತ. ವ್ಯಾನ್ ನಿಲ್ಲಿಸಿದಲ್ಲೇ ಬಿಟ್ಟು ಬಸ್ಸಿನಲ್ಲಿ ಹೋಗಿ. ಬೆಳಿಗ್ಗೆ ಒಂಬತ್ತರ ಮೇಲೆ ಲಿಫ್ಟಿನ ಪಾರ್ಕಿಂಗಿನಲ್ಲಿ ಆರು ಮೀಟರ್ ಗಾಡಿಗೆ ಜಾಗ ಹುಡುಕುವ ಕಷ್ಟ ಬೇಡ.

ನಾಲ್ಕನೇ ದಿನ ಜೀಫೆಲ್ಡ್. ಇನ್ಸ್‌ಬ್ರುಕ್ ದಾಟಿ ಜಿರ್ಲ್ ಅನ್ನುವ ಊರಿನಿಂದ ಘಟ್ಟ ಹತ್ತಬೇಕು. ಆಗುಂಬೆಯ 14 ತಿರುವು ನೋಡಿದವಳಿಗೆ ತಿರುವಿನ ಭಯ ಇರಲಿಲ್ಲ, ಆದರೆ ಏರು ಎದೆಗೆ ಬರುವಂಥದ್ದು. ಎರಡನೇ ಗೇರಿನಲ್ಲಿ, ಹಿಂದೆ ಬಂದವರಿಗೆಲ್ಲ ದಾರಿ ಬಿಡುತ್ತಾ ಹತ್ತಿದೆ. ಜೀಫೆಲ್ಡ್ ಸುಮಾರು 1,200 ಮೀಟರ್ ಎತ್ತರದ ಬಯಲು, ನಮ್ಮ ಕೊಡಚಾದ್ರಿಗಿಂತ ಸ್ವಲ್ಪ ಕೆಳಗೆ. 1964 ಮತ್ತು 1976ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹಿಮದ ಮೇಲೆ ದೂರ ಓಡುವ ಸ್ಕೀ ಸ್ಪರ್ಧೆಗಳು ಇಲ್ಲೇ ನಡೆದಿದ್ದು. ನಮ್ಮನೆಯವರು ಅದನ್ನು ಪ್ರಯತ್ನಿಸಿದರು. ಇಳಿಜಾರಿಲ್ಲ, ಬರೀ ನಡೆಯುವ ಹಾಗೆ ಜಾರುವುದು. ‘ಗದ್ದೆ ಬದುವಿನ ಮೇಲೆ ನಡೆದ ಹಾಗೇ ಇದೆ’ ಅಂದರು. ಅಂದ ಮೇಲೆ ಬಿದ್ದರು.

ಅಲ್ಲಿ ಎರಡು ರಾತ್ರಿ ಅಂತ ಇದ್ದಿದ್ದು ಮೂರಾಯಿತು. ಒಂದೇ ರಾತ್ರಿ ಮೊಣಕಾಲಿನಷ್ಟು ಹಿಮ ಬಿತ್ತು. ಕ್ಯಾಂಪಿನ ಆಫೀಸಿನ ಮುಂದಿನ ಬೋರ್ಡಿನಲ್ಲಿ ಹಿಮಕುಸಿತದ ಅಪಾಯ 4 ಅಂತ ಬರೆದಿದ್ದರು. ಅದರ ಲೆಕ್ಕ 1ರಿಂದ 5. ನಾಲ್ಕು ಅಂದರೆ ಎಲ್ಲೂ ಹೊರಡಬೇಡ ಅಂತಲೇ ನಾವು ತಿಳಿದುಕೊಂಡೆವು. ಇಡೀ ದಿನ ವ್ಯಾನಿನೊಳಗೆ ಕೂತು ಚೌಕಾಬಾರ ಆಡಿದೆವು. ಕವಡೆ ಇರಲಿಲ್ಲ, ಹುಣಸೆಬೀಜವೂ ಇರಲಿಲ್ಲ, ಅಪ್ಪೆಮಿಡಿಯ ಓಟೆ ತೊಳೆದು ಒಡೆದುಕೊಂಡೆವು. ಮುಂದಿನ ಕ್ಯಾಂಪ್‌ಸೈಟಿನ ಒಂದು ರಾತ್ರಿಯ ದುಡ್ಡು ಹೋಯಿತು.

ಮರುದಿನ ರಸ್ತೆ ಸ್ವಚ್ಛ, ಆದರೆ ಕ್ಯಾಂಪ್‌ಸೈಟಿನಿಂದ ರಸ್ತೆಗೆ ಹತ್ತುವ ಏರಿನಲ್ಲಿ ಗಾಡಿ ಜಾರತೊಡಗಿತು. ಮುಂದಿನ ಚಕ್ರ ಎಳೆಯುವ ಗಾಡಿ, ಹಾಗಾಗಿ ಮುಂದಿನ ಚಕ್ರಕ್ಕೇ ಚೈನ್. ಸುತ್ತಮುತ್ತಲಿನವರು ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ ಚೈನ್ ಬಿಡಿಸುತ್ತಿದ್ದರು. ನಮ್ಮನೆಯವರು ಮಳೆಗಾಲದ ಕೆಸರಿನಲ್ಲಿ ತೋಟಕ್ಕೆ ಜೀಪ್ ಇಳಿಸುವಾಗ ಇಪ್ಪತ್ತು ವರ್ಷದಿಂದ ಚೈನ್ ಕಟ್ಟಿದವರು. ಆರೇ ನಿಮಿಷ. ಆಮೇಲೆ ಪಕ್ಕದ ಎರಡು ಗಾಡಿಗೂ ಕಟ್ಟಿಕೊಟ್ಟು, ಕೇಕ್ ಗಳಿಸಿಕೊಂಡು ಬಂದರು. ಲೈಸೆನ್ಸ್ ಇಲ್ಲದ ದುಃಖ ಅವತ್ತಿಗೆ ತೀರಿತು.

ಕೊನೆಯ ರಾತ್ರಿ ಎರ್ವಾಲ್ಡ್. ಅಲ್ಲಿಂದ ಕೇಬಲ್ ಕಾರಿನಲ್ಲಿ ಜರ್ಮನಿಯ ಅತಿ ಎತ್ತರದ ಶಿಖರ ತ್ಸುಗ್‌ಶ್ಪಿಟ್ಸೆಗೆ, 2,962 ಮೀಟರ್. ಮಧ್ಯಾಹ್ನ ಗಾಳಿಗೆ ಬಂದ್ ಆಗಿತ್ತು, ಬೆಳಿಗ್ಗೆ ಮೊದಲ ಕಾರು ಸಿಕ್ಕಿತು. ಮೇಲೆ ಹತ್ತು ನಿಮಿಷ ನಿಂತೆವು. ಕಣ್ಣು ಹೋದಷ್ಟು ದೂರ ಬೆಟ್ಟ. ಯಾರೂ ಮಾತಾಡಲಿಲ್ಲ, ತುಟಿ ಮರಗಟ್ಟಿತ್ತು.

ಈಗ ಅಗ್ಗದ ಮಾತು. ವ್ಯಾನ್ ಬಾಡಿಗೆ ದಿನಕ್ಕೆ 95 ಯೂರೋ, ಎಂಟು ದಿನ. ಸರ್ವೀಸ್ ಅಂತ 150. ಕ್ಯಾಂಪ್‌ಸೈಟ್ ರಾತ್ರಿಗೆ 60ರ ಹತ್ತಿರ, ಕರೆಂಟಿಗೆ ಮೀಟರ್ ಬೇರೆ. ಗ್ಯಾಸ್ ಎರಡು ಸಲ ತುಂಬಿಸಿದ್ದು 64, ಡೀಸೆಲ್ 110. ಸ್ಕೀ ಪಾಸು, ಶಾಲೆ, ಬೂಟು ಬಾಡಿಗೆ ಸೇರಿ 900 ದಾಟಿತು. ಮಲಗುವುದಕ್ಕೆ ಮತ್ತು ಓಡಾಟಕ್ಕೆ ಮಾತ್ರ ಲೆಕ್ಕ ಹಾಕಿದರೆ ರಾತ್ರಿಗೆ ಇನ್ನೂರಕ್ಕೆ ಸ್ವಲ್ಪ ಮೇಲೆ. ಸಾಧಾರಣ ಹೋಟೆಲ್ಲಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಉಳಿದಿದ್ದು ಊಟದಲ್ಲಿ. ಬೆಟ್ಟದ ಮೇಲೆ ಒಂದು ತಟ್ಟೆ ಊಟದ ದುಡ್ಡಿನಲ್ಲಿ ನಾವು ಮೂರು ದಿನ ಅನ್ನ ಸಾರು ಉಂಡೆವು.

ಊರಿಗೆ ಬಂದ ರಾತ್ರಿ ಬಚ್ಚಲ ಹಂಡೆಯ ನೀರನ್ನು ಮೂವರೂ ಖಾಲಿ ಮಾಡಿದೆವು. ಮೊನ್ನೆ ಡೆಪಾಸಿಟ್ ವಾಪಸ್ ಬಂದಿದೆ ಅಂತ ನಾದಿನಿಯ ಗಂಡ ಮೆಸೇಜ್ ಮಾಡಿದರು. 80 ಯೂರೋ ಕಮ್ಮಿ. ಅರ್ಧ ಸಿಲಿಂಡರಿನ ಬಗ್ಗೆ ನಾವು ಬರೆದಿದ್ದಕ್ಕೆ ಉತ್ತರ ಇಲ್ಲ. ಕಡಿತದ ಕಾರಣ ಮಾತ್ರ ಬರೆದಿದ್ದರು: ಟಾಯ್ಲೆಟ್ ಪೆಟ್ಟಿಗೆ ಸರಿಯಾಗಿ ತೊಳೆದಿಲ್ಲ. ನಮ್ಮನೆಯವರಿಗೆ ತುಂಬಾ ಬೇಜಾರಾಗಿದೆ. ಆದರೆ ಅತ್ತೆ ಎದುರಿಗೆ ಯಾಕೆ ಬೇಜಾರು ಅಂತ ಹೇಳುವ ಹಾಗಿಲ್ಲ.